ವೀಸಾಕ್ಕೆ ಮುನ್ನ ತೆರಿಗೆಯ ಲೆಕ್ಕ

ಕಳೆದ ದೀಪಾವಳಿಗೆ ಬೆಳಗಾವಿ ಜಿಲ್ಲೆಯ ಘೋಡಗೇರಿಗೆ ಹೋಗಿದ್ದಾಗ, ಸಂಬಂಧದಲ್ಲಿ ನನಗೆ ಅಣ್ಣನಾಗಬೇಕಾದ ಹಿರಿಯರೊಬ್ಬರು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಒಂದು ಪ್ರಶ್ನೆ ಕೇಳಿದರು: ‘ತಮ್ಮಾ, ನೀ ಸರಕಾರದಾಗ ಲೆಕ್ಕಾಪತ್ರ ನೋಡಿದಾವ. ಮಗಾ ಗ್ರೀನ್ ಕಾರ್ಡ್ ಮಾಡಸ್ತೇನಿ ಅಂತಾನ. ಮಾಡಸೂದೋ, ಬ್ಯಾಡೋ?’ ಅವರು ಸರ್ಕಾರಿ ಪ್ರೌಢಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು. ತಿಂಗಳ ಪಿಂಚಣಿ, ಬ್ಯಾಂಕಿನ ಠೇವಣಿ ಮತ್ತು ಆರು ಎಕರೆ ನೀರಾವರಿ ಜಮೀನು ಅವರ ಆಸ್ತಿ. ಮಗ ಅಮೆರಿಕದ ಪೌರ. ಅತ್ತಿಗೆಯವರಿಗೆ ಮೊಮ್ಮಗಳ ಬಳಿ ಇರುವಾಸೆ.

ಈ ಪ್ರಶ್ನೆ ಘೋಡಗೇರಿಯದಷ್ಟೇ ಅಲ್ಲ. ಬೆಂಗಳೂರಿನ ಜಯನಗರದಲ್ಲೂ ಧಾರವಾಡದ ಸಪ್ತಾಪುರದಲ್ಲೂ ಮಕ್ಕಳು ವಿದೇಶದಲ್ಲಿರುವ ಮನೆಗಳಲ್ಲಿ ಇದು ನಿತ್ಯದ ಚರ್ಚೆ. ಆದರೆ ಆ ಚರ್ಚೆ ಬಹುಮಟ್ಟಿಗೆ ವೀಸಾ ಸಿಗುವುದೇ, ಚಳಿ ತಡೆಯಲಾದೀತೇ, ಆರೋಗ್ಯ ವಿಮೆಗೆ ಎಷ್ಟು ಎಂಬಲ್ಲಿಗೆ ನಿಲ್ಲುತ್ತದೆ. ತೆರಿಗೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಮೊದಲು ನಮ್ಮ ದೇಶದ ಕಾನೂನನ್ನೇ ನೋಡೋಣ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದವರು ನಿವಾಸಿಗಳು. ಆದ್ದರಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ತಾವು ಅನಿವಾಸಿಗಳಾದೆವು ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರೂ ನಿವಾಸಿಗಳೇ. ಉದ್ಯೋಗಕ್ಕಾಗಿ ದೇಶ ಬಿಡುವವರಿಗಿರುವ ರಿಯಾಯಿತಿ ಮೊಮ್ಮಗಳನ್ನು ನೋಡಲು ಹೋಗುವ ಪಿಂಚಣಿದಾರರಿಗಿಲ್ಲ. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ಮೂಲ ನಿಯಮ ಹಾಗೆಯೇ ಇದೆ. ನಿವಾಸಿ ಎಂದಾದ ಮೇಲೆ, ಮಗ ಅಲ್ಲಿ ತಂದೆಯ ಹೆಸರಿನಲ್ಲಿ ತೆರೆದ ಬ್ಯಾಂಕ್ ಖಾತೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ.

ಇನ್ನು ಅಮೆರಿಕದ ಕಡೆಯ ಲೆಕ್ಕ. ಸಂದರ್ಶಕ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಅನುಮತಿ ದೊರೆಯುತ್ತದೆ. ಆದರೆ ಅಲ್ಲಿನ ತೆರಿಗೆ ಇಲಾಖೆ ಆ ವರ್ಷದ ಪೂರ್ತಿ ದಿನಗಳಿಗೆ ಹಿಂದಿನ ವರ್ಷದ ಮೂರನೇ ಒಂದು ಭಾಗವನ್ನೂ ಅದರ ಹಿಂದಿನ ವರ್ಷದ ಆರನೇ ಒಂದು ಭಾಗವನ್ನೂ ಕೂಡಿಸುತ್ತದೆ. ಮೊತ್ತ 183 ಮುಟ್ಟಿದರೆ ಅವರು ತೆರಿಗೆಯ ದೃಷ್ಟಿಯಲ್ಲಿ ಅಮೆರಿಕದ ನಿವಾಸಿ. ಪ್ರತಿವರ್ಷ ಏಪ್ರಿಲ್‌ನಲ್ಲಿ ಹೋಗಿ 180 ದಿನ ಇದ್ದು ಬರುವವರ ಲೆಕ್ಕ ಎರಡನೆಯ ವರ್ಷಕ್ಕೇ 240 ಆಗುತ್ತದೆ, ಮೂರನೆಯ ವರ್ಷಕ್ಕೆ 270. ತಮ್ಮ ನಿಕಟ ಸಂಬಂಧ ಭಾರತದೊಂದಿಗೇ ಇದೆ ಎಂದು ಫಾರ್ಮ್ 8840ರಲ್ಲಿ ತಿಳಿಸಿ ಇದರಿಂದ ಪಾರಾಗಬಹುದು; ಆದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರಿಗೆ ಆ ದಾರಿಯೂ ಇಲ್ಲ. ವರ್ಷಕ್ಕೆ 120 ದಿನವಷ್ಟೇ ಇದ್ದು ಬಂದರೆ ಮೊತ್ತ 180ಕ್ಕೆ ನಿಲ್ಲುವುದರಿಂದ ಈ ತಾಪತ್ರಯವೇ ಉದ್ಭವಿಸದು.

ಗ್ರೀನ್ ಕಾರ್ಡ್ ಪಡೆದರೆ ದಿನಗಳ ಎಣಿಕೆಯೇ ಮುಖ್ಯವಾಗುವುದಿಲ್ಲ. ಜಗತ್ತಿನ ಯಾವ ಮೂಲೆಯ ಆದಾಯವಾದರೂ ಅಲ್ಲಿ ಘೋಷಿಸಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿ ಸಲ್ಲಿಸಬೇಕು. ಸರ್ಕಾರಿ ಪಿಂಚಣಿಯ ಮೇಲೆ ಅದನ್ನು ಕೊಡುವ ದೇಶವೇ ತೆರಿಗೆ ವಿಧಿಸಬೇಕೆಂಬ ನಿಯಮ 1989ರ ಭಾರತ–ಅಮೆರಿಕ ಒಪ್ಪಂದದಲ್ಲಿದೆ. ಆದರೆ ಅಮೆರಿಕದಲ್ಲಿ ವಲಸಿಗ ಸ್ಥಾನಮಾನ ಪಡೆದವರಿಗೆ ಆ ರಕ್ಷಣೆಯನ್ನು ಅದೇ ಒಪ್ಪಂದ ನಿರಾಕರಿಸುತ್ತದೆ.

ರೈತ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಸಂಗತಿ ಜಮೀನಿನದು. ಕಬ್ಬಿನ ಬಿಲ್ಲಿಗೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಪಟ್ಟಣದಿಂದ ನಿಗದಿತ ಅಂತರದಾಚೆಯ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಅಮೆರಿಕದಲ್ಲಿ ಇವೆರಡೂ ಆದಾಯವೇ. ಎರಡು ಬಾರಿ ತೆರಿಗೆ ತಪ್ಪಿಸುವ ಒಪ್ಪಂದ ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಜಾ ಕೊಡಿಸುತ್ತದೆ. ಇಲ್ಲಿ ಕಟ್ಟಿದ್ದೇ ಸೊನ್ನೆಯಾದರೆ ವಜಾ ಆಗುವುದೂ ಸೊನ್ನೆಯೇ. ಸಾಧಾರಣ ಆದಾಯದವರು ಅಲ್ಲಿನ ಪ್ರಮಾಣಿತ ಕಡಿತದಿಂದಾಗಿ ಏನನ್ನೂ ಕಟ್ಟಬೇಕಾಗಿ ಬರದಿರಬಹುದು. ಆದರೆ ಹೊಲ ಮಾರಿದ ವರ್ಷ ಪೆಟ್ಟು ಬೀಳುತ್ತದೆ.

ಕೆನಡಾದ ಮಾತೂ ಬೇರೆಯಲ್ಲ. ಅದರ ‘ಸೂಪರ್ ವೀಸಾ’ 2022ರಿಂದ ತಂದೆ–ತಾಯಂದಿರಿಗೆ ಒಮ್ಮೆಗೆ ಐದು ವರ್ಷದವರೆಗೆ ಇರಲು ಅವಕಾಶ ಕೊಟ್ಟಿದೆ. ಆದರೆ ಒಂದೇ ವರ್ಷದಲ್ಲಿ 183 ದಿನ ತಂಗಿದವರನ್ನು ಆ ದೇಶವೂ ತೆರಿಗೆಯ ನಿವಾಸಿಯೆಂದು ಪರಿಗಣಿಸಬಲ್ಲದು. ವೀಸಾ ಕೊಡುವ ಕಚೇರಿ ಈ ವಿಷಯ ಹೇಳುವುದಿಲ್ಲ. ಅದು ಅದರ ಕೆಲಸವೂ ಅಲ್ಲ.

ಇದನ್ನೆಲ್ಲ ಅನ್ಯಾಯವೆಂದು ನಾನು ಹೇಳಲಾರೆ. ಒಂದು ದೇಶದ ರಸ್ತೆ, ಆಸ್ಪತ್ರೆ, ರಕ್ಷಣೆಗಳನ್ನು ಬಳಸುತ್ತ ನೆಲೆಸುವವನು ಅದರ ಖರ್ಚಿನಲ್ಲಿ ಪಾಲು ಕೊಡುವುದು ಅರ್ಥಶಾಸ್ತ್ರದ ಸರಳ ನ್ಯಾಯ. ತೆರಿಗೆಗೆ ಹೆದರಿ ಮಕ್ಕಳಿಂದ ದೂರವಿರಿ ಎಂಬ ಸಲಹೆಯೂ ನನ್ನದಲ್ಲ. ನನ್ನ ಆಕ್ಷೇಪ ಅರಿವಿಲ್ಲದೆ ಸಹಿ ಹಾಕುವುದರ ಬಗ್ಗೆ. ಅರ್ಜಿ ತುಂಬುವವನು ಮಗ, ಸಹಿ ಹಾಕುವವರು ತಂದೆ. ಅದರ ಪರಿಣಾಮ ಇಬ್ಬರಿಗೂ ತಿಳಿಯುವುದು ಐದಾರು ವರ್ಷಗಳ ನಂತರ. ನಮ್ಮ ಆದಾಯ ತೆರಿಗೆ ಇಲಾಖೆ ಇಂಥ ಹಿರಿಯರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಒಂದು ಕೈಪಿಡಿ ತಂದರೆ ಬಹಳ ಉಪಕಾರವಾದೀತು. ಅದು ಬರುವವರೆಗೆ ವಿಮಾನದ ಟಿಕೆಟ್‌ಗೆ ಮುನ್ನ ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರೊಬ್ಬರ ಸಲಹೆಗೆ ಹಣ ತೆರುವುದು ಲೇಸು.

ಅಣ್ಣನಿಗೆ ನಾನು ಹೇಳಿದ್ದಿಷ್ಟು: ಊರು, ಹೊಲ, ಪಿಂಚಣಿ ಇಲ್ಲಿರುವ ತನಕ ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಕಡಿಮೆ ಅವಧಿಗೆ ಸಂದರ್ಶಕರಾಗಿ ಹೋಗಿ ಬನ್ನಿ. ಶಾಶ್ವತವಾಗಿ ಅಲ್ಲೇ ಇರುವುದೆಂದು ನಿಶ್ಚಯವಾದರೆ, ಹೊಲದ ವ್ಯವಸ್ಥೆಯನ್ನು ಇಲ್ಲಿಯೇ ಮುಗಿಸಿ ಆಮೇಲೆ ಗ್ರೀನ್ ಕಾರ್ಡ್ ಪಡೆಯಿರಿ. ಅವರು ಬೆಳೆದು ನಿಂತ ಕಬ್ಬಿನತ್ತ ನೋಡಿ, ‘ಹೊಲದ ಮಾತು ನಿಮ್ಮ ವೈನಿನ್ನೂ ಕೇಳಬೇಕಲ್ಲೋ’ ಎಂದರು. ಆ ಮಾತುಕತೆ ಅರ್ಜಿಗಿಂತ ಮುಂಚೆಯೇ ಆಗಬೇಕೆಂಬುದಷ್ಟೇ ನನ್ನ ಬಿನ್ನಹ.