ರಿಲೇಗೆ ದಿಕ್ಕು ತಿಳಿದಿದೆಯೆ? ಉದ್ಘಾಟನೆಯ ನಂತರವೂ ಉಳಿಯುವ ಪರೀಕ್ಷೆ

ಯಳಂದೂರು: ಹೊಸ ವಿದ್ಯುತ್ ಉಪಕೇಂದ್ರ ಉದ್ಘಾಟನೆಯಾದಾಗ ಜನರು ಕೇಳುವುದು ದೀಪ ಹೊತ್ತಿತೆ ಎಂದು ಮಾತ್ರ. ಮಾರ್ಗದಲ್ಲಿ ದೋಷ ಉಂಟಾದರೆ ಸಂಪರ್ಕ ಕಡಿಯಬೇಕಾದ ರಿಲೇಗೆ ತನ್ನ ಮುಂದೆ ಯಾವುದು, ಹಿಂದೆ ಯಾವುದು ಎಂಬ ಅರಿವಿದೆಯೆ ಎಂದು ಕೇಳುವವರಿಲ್ಲ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಈ ತಾಲ್ಲೂಕಿನಂತಹ ಕಡೆ, ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಸಾಮಾನ್ಯವಾದ್ದರಿಂದ ಈ ಪ್ರಶ್ನೆಯನ್ನು ಎಂಜಿನಿಯರುಗಳಿಗೆ ಬಿಟ್ಟು ಸುಮ್ಮನಾಗುವಂತಿಲ್ಲ.

ವಿದ್ಯುತ್ತಿಗೆ ಈ ಸೀಮೆ ಹೊಸತಲ್ಲ. ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿದದ್ದು 1902ರಲ್ಲಿ. ಅಂದು ಹರಿವಿನ ದಿಕ್ಕು ಒಂದೇ, ಜಲಪಾತದಿಂದ ಗಣಿಗೆ.

ಹಳೆ ಮೈಸೂರು ಭಾಗದ ಪಟ್ಟಣಗಳಿಗೆ ವಿದ್ಯುತ್ ತರುವ 66 ಕಿಲೋವೋಲ್ಟ್ ಮಾರ್ಗಗಳ ಕಾವಲಿಗೆ ಸಾಮಾನ್ಯವಾಗಿ ಇರುವುದು ಡಿಸ್ಟೆನ್ಸ್ ರಿಲೇ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷ ಎಷ್ಟು ದೂರದಲ್ಲಿದೆ ಎಂದು ಅದು ಲೆಕ್ಕ ಹಾಕುತ್ತದೆ. ಮಾರ್ಗದ ಮೊದಲ ಶೇ 80ರಷ್ಟು ಭಾಗದಲ್ಲಿನ ದೋಷಕ್ಕೆ ತಕ್ಷಣ, ಅದರಾಚೆಯದಕ್ಕೆ ತುಸು ತಡೆದು ಬ್ರೇಕರ್ ತೆರೆಯಿಸುತ್ತದೆ. ಆದರೆ ದೋಷ ಐದು ಕಿ.ಮೀ. ಮುಂದಿದೆಯೋ ಹಿಂದಿದೆಯೋ ಎಂಬುದನ್ನು ತಿಳಿಸುವುದು ವೋಲ್ಟೇಜ್ ಮತ್ತು ಕರೆಂಟಿನ ನಡುವಣ ಕೋನ. ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿಗಳು ಅದಲುಬದಲಾದರೆ ಆ ಕೋನ 180 ಡಿಗ್ರಿ ತಿರುಗಿಬಿಡುತ್ತದೆ. ತಂತಿ ಸರಿಯಿದ್ದು ರಿಲೇಯೊಳಗಿನ ಧ್ರುವತೆಯ ಸೆಟ್ಟಿಂಗ್ ತಪ್ಪಿದರೂ ಪರಿಣಾಮ ಅದೇ.

ಈ ತಪ್ಪು ಸದ್ದು ಮಾಡುವುದಿಲ್ಲ. ನಿತ್ಯದ ಹೊರೆಗೆ ರಿಲೇ ಸುಮ್ಮನಿರುವುದೇ ಕ್ರಮ. ಹೀಗಾಗಿ ತಿಂಗಳುಗಟ್ಟಲೆ ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ಬಿರುಗಾಳಿಯ ದಿನ ಮಾತ್ರ ತನ್ನ ಮಾರ್ಗದ ದೋಷವನ್ನು ಬೆನ್ನ ಹಿಂದಿನದೆಂದು ಬಗೆದು ಅದು ಮಿಸುಕುವುದಿಲ್ಲ. ಮೇಲಿನ ಕೇಂದ್ರದ ರಕ್ಷಣಾ ವ್ಯವಸ್ಥೆ ತಡವಾಗಿ ಕಡಿಯುವಷ್ಟರಲ್ಲಿ ತಂತಿ ಕಾದು ಹರಿದಿರಬಹುದು, ಒಂದು ಮಾರ್ಗದ ಬದಲು ಹಲವು ಊರುಗಳು ಕತ್ತಲಾಗಬಹುದು. ಎರಡೂ ತುದಿಯಿಂದ ವಿದ್ಯುತ್ ಬರುವ ಮಾರ್ಗವಾದರೆ ಬೇರೆಡೆಯ ದೋಷಕ್ಕೆ ನಿರ್ದೋಷಿ ಮಾರ್ಗ ಬಲಿಯಾಗುತ್ತದೆ.

ರಿಲೇಯ ತಪ್ಪು ತಿಳಿವಳಿಕೆ ಎಷ್ಟು ದೂರ ಹಬ್ಬಬಲ್ಲದು ಎಂಬುದನ್ನು ದೇಶ 2012ರ ಜುಲೈ 30 ಮತ್ತು 31ರಂದು ಕಂಡಿತು. ಬೀನಾ-ಗ್ವಾಲಿಯರ್ 400 ಕಿಲೋವೋಲ್ಟ್ ಮಾರ್ಗದಲ್ಲಿ ದೋಷವೇ ಇರಲಿಲ್ಲ. ಅಧಿಕ ಹೊರೆಯನ್ನೇ ರಿಲೇ ದೋಷವೆಂದು ಓದಿತು. ಅಲ್ಲಿ ತಪ್ಪಿದ್ದು ದಿಕ್ಕಲ್ಲ, ನಿಜ. ಆದರೂ ಉತ್ತರ ಭಾರತ ಕತ್ತಲಲ್ಲಿ ಮುಳುಗಿತು. ದಕ್ಷಿಣದ ಜಾಲ ಆಗ ಪ್ರತ್ಯೇಕವಾಗಿದ್ದುದರಿಂದ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಜೋಡಣೆಯಾದ ಮೇಲೆ ಆ ಪ್ರತ್ಯೇಕತೆ ಉಳಿದಿಲ್ಲ.

ಪರೀಕ್ಷೆ ದುಬಾರಿಯೇನಲ್ಲ. ಉಪಕರಣದಿಂದ ರಿಲೇಗೆ ಕೃತಕ ಕರೆಂಟ್ ಹರಿಸಿ ನೋಡುವ ಕ್ರಮ ಎಲ್ಲೆಡೆಯೂ ಇದೆ. ಆದರೆ ಅದು ರಿಲೇಯನ್ನು ಪರೀಕ್ಷಿಸುತ್ತದೆಯೇ ಹೊರತು ಅಂಗಳದಿಂದ ಪ್ಯಾನಲಿನವರೆಗಿನ ತಂತಿಯನ್ನಲ್ಲ. ಮಾರ್ಗ ಚಾಲನೆಗೊಂಡು ಹೊರೆ ಬಂದ ಮೇಲೆ ರಿಲೇ ತೋರಿಸುವ ಕೋನವನ್ನು, ವಿದ್ಯುತ್ ಯಾವ ಕಡೆಗೆ ಹರಿಯುತ್ತಿದೆ ಎಂಬ ಸ್ವತಂತ್ರ ಮಾಹಿತಿಯೊಡನೆ ತಾಳೆ ನೋಡಬೇಕು. ತೊಡಕು ಇರುವುದೇ ಇಲ್ಲಿ. ಉದ್ಘಾಟನೆಯ ದಿನ ಹೊಸ ಮಾರ್ಗದಲ್ಲಿ ಹೊರೆ ಇರುವುದು ಅಷ್ಟಕ್ಕಷ್ಟೇ. ಅಷ್ಟು ಕ್ಷೀಣ ಕರೆಂಟಿನ ಕೋನವನ್ನು ನಂಬುವಂತಿಲ್ಲ. ಗಣ್ಯರು ಗುಂಡಿ ಒತ್ತಿ ಹೊರಟ ಮೇಲೆ, ಹೊರೆ ಏರಿದಾಗ ಎಂಜಿನಿಯರು ಮರಳಿ ಬರಲೇಬೇಕು.

ಕುಸುಮ್ ಯೋಜನೆಯಡಿ ಪಂಪ್‌ಸೆಟ್ಟುಗಳಿಗಾಗಿ ಉಪಕೇಂದ್ರಗಳ ಸಮೀಪವೇ ಸೌರ ಘಟಕಗಳು ಬರುತ್ತಿರುವ ಈ ಕಾಲದಲ್ಲಿ, ಹಗಲು ಹರಿವು ತಿರುಗಲೂಬಹುದು. ವಿದ್ಯುತ್ ಯಾವಾಗಲೂ ದೊಡ್ಡ ಕೇಂದ್ರದಿಂದ ಚಿಕ್ಕದಕ್ಕೆ ಬರುತ್ತದೆಂಬ ಊಹೆಯ ಮೇಲೆ ತಾಳೆ ನೋಡಿದವರು ಸರಿಯಿದ್ದ ತಂತಿಯನ್ನೇ ತಿರುಗಿಸಿಯಾರು. ಗುತ್ತಿಗೆದಾರರಿಂದ ಕೇಂದ್ರವನ್ನು ವಹಿಸಿಕೊಳ್ಳುವ ಕಡತದಲ್ಲಿ ಈ ಅಳತೆಯ ದಿನ, ಗಂಟೆ, ಹೊರೆ, ಕೋನ ಮತ್ತು ಹರಿವಿನ ದಿಕ್ಕನ್ನು ದಾಖಲಿಸಿ ಸಹಿ ಹಾಕಿದ ಹಾಳೆ ಇರಬೇಕು. ಅದಿಲ್ಲದೆ ಅಂತಿಮ ಬಿಲ್ಲಿಗೆ ಮಂಜೂರಾತಿ ಸಿಗಬಾರದು.