ಬೆನ್ನ ಮೇಲೆ ಐದು ಗೆರೆ, ಕೆನ್ನೆಯಲ್ಲಿ ಕಣಜ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ಅಜ್ಜ-ಅಜ್ಜಿಯರು ಹಿತ್ತಲಲ್ಲಿ ಅದನ್ನು ಕಂಡ ಕೂಡಲೇ, “ಅರೆ, ನಮ್ಮೂರ ಅಳಿಲು ಇಲ್ಲೂ ಇದೆಯಲ್ಲ!” ಎನ್ನುತ್ತಾರೆ. ಮಕ್ಕಳೇ, ಅದು ನಮ್ಮ ಅಳಿಲಲ್ಲ, ಅದರ ದೂರದ ನೆಂಟ. ಹೆಸರು ಚಿಪ್‌ಮಂಕ್.

ಗುರುತು ಹಿಡಿಯುವುದು ಸುಲಭ. ಬೆಂಗಳೂರು, ಮೈಸೂರುಗಳಲ್ಲಿ ನಾವು ನೋಡುವ ಅಳಿಲಿನ ಬೆನ್ನ ಮೇಲೆ ಮೂರು ಬಿಳಿ ಗೆರೆ. ಮುಖದ ಮೇಲೆ ಗೆರೆಯಿಲ್ಲ. ಅಮೆರಿಕದ ಪೂರ್ವ ಭಾಗದ ಚಿಪ್‌ಮಂಕ್‌ಗೆ ಕೆಂಗಂದು ಮೈ, ಬೆನ್ನ ಮೇಲೆ ಐದು ಕಪ್ಪು ಗೆರೆ, ಕಣ್ಣಿನ ಮೇಲೂ ಕೆಳಗೂ ಬಿಳಿ ಪಟ್ಟೆ. ತೂಕ ಸುಮಾರು 100 ಗ್ರಾಂ. ನಮ್ಮ ಅಳಿಲು ಮರದಲ್ಲಿ ಗೂಡು ಕಟ್ಟಿದರೆ, ಇದು ನೆಲದೊಳಗೆ ಬಿಲ ತೋಡುತ್ತದೆ. ಬಿಲದ ಬಾಯಿ ಸುಮಾರು 5 ಸೆಂಟಿಮೀಟರ್ ಅಗಲ. ಸುತ್ತ ಮಣ್ಣಿನ ಗುಡ್ಡೆ ಕಾಣದು. ತೋಡಿದ ಮಣ್ಣನ್ನು ದೂರ ಒಯ್ದು ಚೆಲ್ಲಿರುತ್ತದೆ.

ಕೆನ್ನೆಯೊಳಗಿನ ಚೀಲದಲ್ಲಿ ಕಾಳು-ಬೀಜ ತುಂಬಿಕೊಂಡು ಬಿಲಕ್ಕೆ ಸಾಗಿಸುವುದೇ ಅದರ ಕೆಲಸ. ಚಳಿಗಾಲದಲ್ಲಿ ಬಿಲದೊಳಗೆ ಮಲಗಿ, ಆಗಾಗ ಎದ್ದು, ಕೂಡಿಟ್ಟದ್ದನ್ನು ತಿಂದು ಮತ್ತೆ ಮಲಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತ ನಾನು ಇಷ್ಟು ಶಿಸ್ತಿನ ಠೇವಣಿದಾರನನ್ನು ಕಂಡಿಲ್ಲ!

ಆದರೆ ತೋಟದವರಿಗೆ ತಲೆನೋವು. ನನ್ನ ಮಗಳು ಅಕ್ಟೋಬರಿನಲ್ಲಿ ನೆಟ್ಟ ಟ್ಯೂಲಿಪ್ ಗೆಡ್ಡೆಗಳಲ್ಲಿ ಅರ್ಧದಷ್ಟು ಮರುದಿನವೇ ಮಾಯವಾಗಿದ್ದವು. “ಬೋನಿಟ್ಟು ಹಿಡಿದು ದೂರದ ಪಾರ್ಕಿಗೆ ಬಿಟ್ಟುಬರ್ತೀನಪ್ಪಾ” ಎಂದಳು. ಎಂಟು ವರ್ಷದ ಮೊಮ್ಮಗಳು, “ತಾತ, ಅದರ ಊಟವೆಲ್ಲ ಇಲ್ಲೇ ಇದೆಯಲ್ಲಾ?” ಎಂದಳು.

ಮಗು ಕೇಳಿದ್ದು ಸರಿಯಾದ ಪ್ರಶ್ನೆ. ಚಳಿಯ ಹೊಸ್ತಿಲಲ್ಲಿ ಬಿಲವನ್ನೂ ದಾಸ್ತಾನನ್ನೂ ಕಳೆದುಕೊಂಡ ಪ್ರಾಣಿ ಹೊಸ ಜಾಗದಲ್ಲಿ ಉಳಿಯುವುದು ಕಷ್ಟ. ವಸಂತ, ಬೇಸಿಗೆಗಳಲ್ಲಾದರೆ ಬಿಲದಲ್ಲಿ ಮರಿಗಳಿರಬಹುದು. ಮೇಲಾಗಿ, ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಹಿಡಿದು ಬೇರೆಡೆ ಬಿಡುವುದು ಅಲ್ಲಿನ ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ಬೋನಿನ ಮಾತು ಅಲ್ಲಿಗೇ ನಿಂತಿತು.

ಹಾಗಾದರೆ ಮಾಡುವುದೇನು? ಗೆಡ್ಡೆ ನೆಟ್ಟ ಜಾಗದ ಮೇಲೆ ಕಾಲು ಇಂಚು ಕಣ್ಣಿನ ತಂತಿ ಜಾಲರಿ ಹಾಸಿ ಮಣ್ಣು ಮುಚ್ಚಬೇಕು. ವಸಂತದಲ್ಲಿ ಮೊಳಕೆ ಏಳುವ ಹೊತ್ತಿಗೆ ಅದನ್ನು ತೆಗೆದರಾಯಿತು. ಟ್ಯೂಲಿಪ್ ಬದಲು ಡ್ಯಾಫೊಡಿಲ್ ನೆಡಬಹುದು. ಅದರ ಗೆಡ್ಡೆ ವಿಷ, ಚಿಪ್‌ಮಂಕ್ ಮುಟ್ಟುವುದಿಲ್ಲ. ಹಕ್ಕಿಗೆ ಕಾಳಿಡುವ ತಟ್ಟೆಯನ್ನು ಗೋಡೆಯಿಂದ ದೂರ ಇಟ್ಟು, ಚೆಲ್ಲಿದ ಕಾಳನ್ನು ಗುಡಿಸಬೇಕು. ಕಾಳಿಗೆ ಖಾರದ ಪುಡಿ ಬೆರೆಸುವವರೂ ಇದ್ದಾರೆ. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲ, ಚಿಪ್‌ಮಂಕ್‌ಗೆ ತಟ್ಟುತ್ತದೆ! ಗೋಡೆಯ ಪಕ್ಕ ಸೌದೆ, ಕಲ್ಲು ಪೇರಿಸಬಾರದು. ಎಷ್ಟೇ ಮುದ್ದಾಗಿ ಕಂಡರೂ ಕೈಯಿಂದ ತಿನ್ನಿಸಬೇಡಿ. ಕಚ್ಚೀತು, ಮೈಮೇಲೆ ಉಣ್ಣೆಯೂ ಇದ್ದೀತು.

ಹಾಗೆಂದು ಅದು ಬರೀ ಕಳ್ಳನಲ್ಲ. ಹೂತಿಟ್ಟು ತಿನ್ನದೆ ಬಿಟ್ಟ ಬೀಜಗಳಲ್ಲಿ ಕೆಲವು ಮೊಳೆತು ಗಿಡವಾಗುತ್ತವೆ.

ಈ ವಾರ ನಿಮಗೊಂದು ಕೆಲಸ: ನಿಮ್ಮ ಕಾಂಪೌಂಡಿನ ಅಳಿಲಿನ ಗೆರೆ ಎಣಿಸಿ. ದೆಹಲಿಯ ಕಡೆ ಹೋದರೆ ಅಲ್ಲೂ ಎಣಿಸಿ. ಅಲ್ಲಿನ ಅಳಿಲಿಗೆ ಐದು ಬಿಳಿ ಗೆರೆ! ಹಾಗೆಂದು ಅದನ್ನು ಚಿಪ್‌ಮಂಕ್ ಎನ್ನಬೇಡಿ. ಮೊದಲು ಮುಖ ನೋಡಿ.