ಮನೆಗೆ ಉಳಿಯದ ಸಂಜೆ

ಅಮೆರಿಕದ ‘ಸ್ಯಾಂಕ್ಟಸ್ ರಿಯಲ್’ ಎಂಬ ಕ್ರೈಸ್ತ ರಾಕ್ ತಂಡವು 2010ರಲ್ಲಿ ‘ಲೀಡ್ ಮಿ’ ಎಂಬ ಹಾಡನ್ನು ಹೊರತಂದಿತು. ಹೊರನೋಟಕ್ಕೆ ಎಲ್ಲವೂ ಚೆನ್ನಾಗಿರುವ ಮನೆಯೊಳಗೆ ಹೆಂಡತಿ ಮಕ್ಕಳು ತನಗಾಗಿ ಹಂಬಲಿಸುತ್ತಿರುವುದು ಗೃಹಸ್ಥನಿಗೆ ಕೇಳಿಸುವುದೇ ಅದರ ತಿರುಳು. ಅದನ್ನು ಹಾಡಿದ ಮ್ಯಾಟ್ ಹ್ಯಾಮಿಟ್ 2016ರಲ್ಲಿ, ಕುಟುಂಬಕ್ಕೆ ಹೆಚ್ಚು ವೇಳೆ ಕೊಡಬೇಕೆಂದು, ತಾವು ಕಟ್ಟಿ ಬೆಳೆಸಿದ ತಂಡವನ್ನೇ ಬಿಟ್ಟರು. ಹಾಡಿದ್ದನ್ನು ಮಾಡಿ ತೋರಿಸುವವರು ವಿರಳ.

ಇಂಥ ಹಾಡುಗಳು ನಮ್ಮ ಹುಬ್ಬಳ್ಳಿ-ಧಾರವಾಡದ ಯೌವನಸ್ಥರಿಗೂ ಪ್ರಿಯವಾಗಿವೆ. ಹಿರಿಯರ ಆಕ್ಷೇಪಣೆಯೆಲ್ಲ ಗಿಟಾರು, ಡ್ರಮ್ಮುಗಳ ಮೇಲೆ. ಇದು ಹುರುಳಿಲ್ಲದ ಜಗಳ. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರ ಜರ್ಮನ್ ರಾಗಗಳು ಆಗ ಪರದೇಶದವೇ ಆಗಿದ್ದವು; ಇಂದು ಅವು ನಮ್ಮ ಅಜ್ಜ ಅಜ್ಜಿಯರ ರಾಗಗಳು.

ನನ್ನ ತಕರಾರು ವಾದ್ಯದ ಮೇಲಲ್ಲ, ವೇಳೆಯ ಮೇಲೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಇಲ್ಲವೇ ಎರಡೂರುಗಳ ನಡುವಿನ ಇಪ್ಪತ್ತು ಕಿಲೋಮೀಟರ್ ಓಡಾಡಿ ದಣಿದು ಬಂದ ತಂದೆಗೆ ಉಳಿಯುವುದು ಸಂಜೆಯೊಂದೇ. ಸೋಮವಾರ ಕಮಿಟಿ, ಬುಧವಾರ ಪ್ರಾರ್ಥನಾ ಕೂಟ, ಶುಕ್ರವಾರ ಇನ್ನೊಂದು ಕೂಟ, ಶನಿವಾರ ಗಾಯನದ ಅಭ್ಯಾಸ ಎಂದು ಆ ಸಂಜೆಯನ್ನೂ ಸಭೆಯೇ ಕೇಳುತ್ತದೆ. ಸಭೆಯ ಚುನಾವಣೆ ಬಂತೆಂದರೆ ಮಧ್ಯರಾತ್ರಿಗೂ ಮಾತು ಮುಗಿಯದು! ಹಾಡು, ವಾಕ್ಯಪಠನ, ಮೊಣಕಾಲೂರಿ ಪ್ರಾರ್ಥನೆ ಎಂಬ ನಮ್ಮ ಹಳೆಯ ಕುಟುಂಬ ಪ್ರಾರ್ಥನೆಯನ್ನು ಟಿ.ವಿ., ಮೊಬೈಲುಗಳು ಕೆಡಿಸಿದವೆಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ನಿಜವೇ. ಆದರೆ ಪ್ರಾರ್ಥನೆ ನಡೆಸಬೇಕಾದ ತಂದೆ ಆ ಹೊತ್ತಿಗೆ ಕಮಿಟಿಯಲ್ಲಿ ಕುಳಿತಿದ್ದನೆಂಬುದನ್ನು ಯಾರೂ ಹೇಳುವುದಿಲ್ಲ.

ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ತೆರೆಯಿರಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಕೈತೊಳೆದುಕೊಂಡವರನ್ನು ಕರ್ತನು ಕಠಿಣವಾಗಿ ಗದರಿಸಿದನು. ಮಕ್ಕಳ ಸಂಜೆಗಳನ್ನು ನಾವು ಹೀಗೆಯೇ ಕೊರ್ಬಾನ್ ಮಾಡಿದ್ದೇವೆ. ಮನೆಯಲ್ಲಿ ಯಾರೂ ಎದುರಾಡುವಂತಿಲ್ಲ, ದೇವರ ಕೆಲಸವಲ್ಲವೇ? ಯಾಜಕನಾದ ಏಲಿಯು ದೇವಮಂದಿರದಲ್ಲಿಯೇ ಇದ್ದನು, ಆದರೂ ಅವನ ಮಕ್ಕಳು ಕೆಟ್ಟರು. ಸ್ವಂತ ಮನೆಯನ್ನು ನಡೆಸಲಾರದವನು ಸಭೆಯನ್ನು ಹೇಗೆ ನೋಡಿಕೊಂಡಾನೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಕೇಳುತ್ತದೆ. ನಮ್ಮ ಚುನಾವಣೆಗಳಲ್ಲಿ ಈ ಪ್ರಶ್ನೆಯನ್ನು ಅಭ್ಯರ್ಥಿಗೆ ಯಾರು ಕೇಳುತ್ತಾರೆ?

ತಂದೆತಾಯಿಗಿಂತ ನನ್ನನ್ನು ಹೆಚ್ಚಾಗಿ ಪ್ರೀತಿಸಬೇಕೆಂದು ಕರ್ತನೇ ಹೇಳಿಲ್ಲವೇ ಎಂದು ಕೆಲವರು ವಾದಿಸಬಹುದು. ಹೇಳಿದ್ದಾನೆ. ಆದರೆ ಶಿಲುಬೆಯ ಮೇಲೆ, ಲೋಕದ ರಕ್ಷಣೆಯ ಕಾರ್ಯದ ನಡುವೆಯೇ, ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಲು ಅವನಿಗೆ ವೇಳೆಯಿತ್ತು. ಅವನಿಗಿಂತ ದೊಡ್ಡ ಕಾರ್ಯಸೂಚಿ ನಮ್ಮ ಯಾವ ಕಮಿಟಿಗಿದೆ?

ವಾರದಲ್ಲಿ ಒಂದು ಸಂಜೆ, ಗುರುವಾರವೇ ಆಗಲಿ, ಸಭೆಯ ಯಾವ ಕೂಟವೂ ಬೇಡ. ದೇವಾಲಯದ ಗೇಟಿಗೆ ಬೀಗ ಬೀಳಲಿ. ಸಭಾಪಾಲಕರೂ ತಮ್ಮ ಮನೆಯಲ್ಲಿ ಮಕ್ಕಳೊಡನೆ ಊಟಕ್ಕೆ ಕುಳಿತುಕೊಳ್ಳಲಿ. ಈ ನಿರ್ಣಯ ಮಾಡಲು ಕಮಿಟಿ ಸೇರಲೇಬೇಕೆಂದಾದರೆ, ರವಿವಾರದ ಆರಾಧನೆ ಮುಗಿದ ಮೇಲೆ ಕಾಲು ಗಂಟೆ ಸಾಕು.